ಕ್ರೂಸ್ ಕಂಟ್ರೋಲ್ ಅರ್ಧ ದಾರಿಯಲ್ಲಿ ಕೈಕೊಡುತ್ತಿದೆ, ಮಾಡ್ಯೂಲ್ ಬದಲಿಸಲೇಬೇಕಾ?

ಪ್ರಶ್ನೆ: ನನ್ನ ಕಾರಿಗೆ ಈಗ 22 ವರ್ಷ. ಪೆಟ್ರೋಲ್ ಎಂಜಿನ್, ಮ್ಯಾನುಯಲ್ ಗೇರ್. ಬಾನೆಟ್ ತೆಗೆದರೆ ಒಂದು ದುಂಡನೆಯ ಡಬ್ಬಿ ಕಾಣುತ್ತದೆ. ಅದಕ್ಕೊಂದು ರಬ್ಬರ್ ಪೈಪ್ ಬಂದಿದೆ, ಅದರಿಂದ ಥ್ರಾಟಲ್‌ಗೆ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿಗೆ, ಒಂದು ಕೇಬಲ್ ಹೋಗಿದೆ. ಅದೇ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ತುಳಿಯದೆಯೇ ಒಂದೇ ವೇಗ ಹಿಡಿದಿಡುವ ವ್ಯವಸ್ಥೆ) ಅಂತ ಗ್ಯಾರೇಜಿನವರು ತೋರಿಸಿದರು. ಕೆಲವು ತಿಂಗಳಿಂದ ಅದು ಸರಿಯಿಲ್ಲ. 80 ಕಿ.ಮೀ. ವೇಗಕ್ಕೆ ಸೆಟ್ ಮಾಡಿದರೆ ಹತ್ತು ನಿಮಿಷ ಚೆನ್ನಾಗಿ ಹೋಗುತ್ತದೆ, ಆಮೇಲೆ ತಾನಾಗಿಯೇ ಬಿಟ್ಟುಬಿಡುತ್ತದೆ. ರಸ್ತೆ ಕುಲುಕಾಟ ಇದ್ದರೆ ಇನ್ನೂ ಬೇಗ. ಹಳೇ ವೇಗಕ್ಕೆ ಮರಳಿಸುವ ರೆಸ್ಯೂಮ್ ಬಟನ್ ಒತ್ತಿದರೆ ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಇಲ್ಲ. ಏರು ಬಂದರೆ ವೇಗ ಕುಸಿಯುತ್ತದೆ. ಇತ್ತೀಚೆಗೆ ಬ್ರೇಕ್ ಬೂಸ್ಟರ್ (ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಭಾಗ) ಬದಲಿಸಿದ್ದೆ, ಹಿಂದಿನ ಬ್ರೇಕ್ ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು. ಕ್ರೂಸ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ಮಾಡ್ಯೂಲ್ ಹೋಗಿದೆ, ಬದಲಿಸಿ ಎನ್ನುತ್ತಾರೆ ಗ್ಯಾರೇಜಿನವರು. ಸ್ಕ್ಯಾನರ್ ಹಾಕಿದಾಗ ಯಾವ ಕೋಡೂ ಬರಲಿಲ್ಲ. ನನ್ನ ನಿಜವಾದ ಭಯ ಬೇರೆ: ಹೀಗೆ ಹುಚ್ಚುಹುಚ್ಚಾಗಿ ಆಡುವ ಕ್ರೂಸ್ ಒಂದು ದಿನ ಬಿಡದೇ ಹಿಡಿದುಕೊಂಡರೆ? ಅಲ್ಲಿಯವರೆಗೆ ಕಾರು ಓಡಿಸಬಹುದಾ?

ಉತ್ತರ: ನೀವು ‘ಸಂಬಂಧ ಇರಲಾರದು’ ಎಂದು ಬರೆದ ಸಾಲನ್ನು ನಾನು ಎರಡು ಸಲ ಓದಿದೆ. ನನ್ನ ಪ್ರಕಾರ ಹುಡುಕಾಟ ಶುರುವಾಗಬೇಕಿರುವುದು ಅಲ್ಲಿಂದಲೇ. ಅದಕ್ಕೆ ಮೊದಲು ನಿಮ್ಮ ಭಯದ ಬಗ್ಗೆ ಎರಡು ಮಾತು.

ಕ್ರೂಸ್ ತಾನಾಗಿಯೇ ಬಿಡುವುದು ಮತ್ತು ಬಿಡದೇ ಹಿಡಿದುಕೊಳ್ಳುವುದು ಒಂದೇ ಕಾಯಿಲೆಯ ಎರಡು ಹಂತಗಳಲ್ಲ. ಇವು ಪೂರ್ತಿ ಬೇರೆ ಬೇರೆ. ನಿಮ್ಮ ಕಾರಿನಂಥ ವ್ಯಾಕ್ಯೂಮ್ ವ್ಯವಸ್ಥೆಯಲ್ಲಿ ಆ ಡಬ್ಬಿಯೊಳಗೆ ಒಂದು ರಬ್ಬರ್ ಡಯಾಫ್ರಂ (ಪೊರೆ) ಇರುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ಸೆಳೆತ ಆ ಡಯಾಫ್ರಂ ಅನ್ನು ಎಳೆಯುತ್ತದೆ, ಡಯಾಫ್ರಂ ಕೇಬಲನ್ನು ಎಳೆಯುತ್ತದೆ, ಕೇಬಲ್ ಥ್ರಾಟಲ್ ತೆರೆಯುತ್ತದೆ. ಸೆಳೆತ ನಿಂತರೆ ಸ್ಪ್ರಿಂಗ್ ಎಲ್ಲವನ್ನೂ ವಾಪಸ್ ತಳ್ಳುತ್ತದೆ. ಪೈಪ್ ಹರಿಯಲಿ, ಕರೆಂಟ್ ಹೋಗಲಿ, ಡಯಾಫ್ರಂ ತೂತಾಗಲಿ, ಪರಿಣಾಮ ಒಂದೇ: ವೇಗ ಇಳಿಯುತ್ತದೆ. ಜೊತೆಗೆ ಇಂಥ ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಪೆಡಲಿನ ಹತ್ತಿರ ಎರಡು ಪ್ರತ್ಯೇಕ ಕಾವಲು ಇರುತ್ತವೆ. ಒಂದು ವಿದ್ಯುತ್ ಸ್ವಿಚ್, ಇನ್ನೊಂದು ಗಾಳಿ ಬಿಡುವ ವಾಲ್ವ್. ವೈರಿಂಗ್ ಪೂರ್ತಿ ಕೆಟ್ಟಿದ್ದರೂ, ನೀವು ಬ್ರೇಕ್ ತುಳಿದ ತಕ್ಷಣ ಆ ವಾಲ್ವ್ ಬಾಯಿ ಬಿಟ್ಟು ಡಬ್ಬಿಗೆ ಗಾಳಿ ನುಗ್ಗಿಸುತ್ತದೆ.

ಅಂದರೆ ಅನುಮಾನ ಬಂದರೆ ಬಿಟ್ಟುಬಿಡು ಅನ್ನುವುದೇ ಈ ಯಂತ್ರಕ್ಕೆ ಕಲಿಸಿರುವ ಮೊದಲ ಪಾಠ. ನಿಮ್ಮ ಕಾರಿನಲ್ಲಿ ಯಾವುದೋ ಒಂದು ಮೂಲೆಯಿಂದ ಅದಕ್ಕೆ ಪದೇಪದೇ ಅನುಮಾನ ಬರುತ್ತಿದೆ. ಯಾವ ಮೂಲೆ ಅನ್ನುವುದನ್ನು ಹುಡುಕಬೇಕು, ಅಷ್ಟೇ.

ನಿಜವಾಗಿ ಹೆದರಬೇಕಾದದ್ದು ಒಂದಿದೆ. ಅದು ಕೇಬಲ್. ತುಕ್ಕು ಹಿಡಿದೋ, ಹೊರಗವಚ ಹರಿದೋ ಕೇಬಲ್ ಸಿಕ್ಕಿಹಾಕಿಕೊಂಡರೆ ಸ್ಪ್ರಿಂಗ್‌ಗೂ ಅದನ್ನು ವಾಪಸ್ ಎಳೆಯಲು ಆಗದೇ ಹೋಗಬಹುದು. ಇದನ್ನು ಇವತ್ತೇ ನೋಡಿ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಥ್ರಾಟಲನ್ನು ಕೈಯಿಂದ ಪೂರ್ತಿ ತೆರೆದು ಬಿಡಿ. ‘ಟಕ್’ ಅಂತ ಮುಚ್ಚಬೇಕು. ನಿಧಾನವಾಗಿ ಬಂದರೆ, ಕೊನೆಯಲ್ಲಿ ಸ್ವಲ್ಪ ತಡವರಿಸಿದರೆ, ಅದನ್ನು ಸರಿಮಾಡುವವರೆಗೆ ಕ್ರೂಸ್ ಮುಟ್ಟಬೇಡಿ. ಕೇಬಲ್ ಕ್ರೂಸಿನದ್ದೋ ಆಕ್ಸಿಲರೇಟರಿನದ್ದೋ ಎಂಬುದು ಆಮೇಲಿನ ಮಾತು.

ಹಾಗೊಂದು ವೇಳೆ ಓಡುವಾಗಲೇ ಥ್ರಾಟಲ್ ಸಿಕ್ಕಿಕೊಂಡರೆ ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ತುಳಿದು ಹಾಗೇ ಹಿಡಿಯಿರಿ. ಬಿಟ್ಟು ಬಿಟ್ಟು ತುಳಿಯಬೇಡಿ. ಥ್ರಾಟಲ್ ತೆರೆದಿರುವಾಗ ಎಂಜಿನ್ನಿನ ಸೆಳೆತ ಕಡಿಮೆ, ಬೂಸ್ಟರಿನಲ್ಲಿ ಉಳಿದಿರುವುದು ಒಂದೆರಡು ತುಳಿತಕ್ಕೆ ಮಾತ್ರ ಸಾಕಾಗುತ್ತದೆ. ಜೊತೆಗೇ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಕಿರುಚಿದರೆ ಕಿರುಚಲಿ. ಕಾರು ಬದಿಗೆ ನಿಂತ ಮೇಲೆ ಕೀ ಆಫ್ ಮಾಡಿ. ಓಡುವಾಗ ಕೀ ಹೊರಗೆ ಎಳೆದರೆ ಸ್ಟೀರಿಂಗ್ ಲಾಕ್ ಆಗಬಹುದು.

ಈಗ ಮಾಡ್ಯೂಲ್ ವಿಷಯಕ್ಕೆ ಬರೋಣ.

ಕ್ರೂಸ್ ಅಂದರೆ ಕಂಪ್ಯೂಟರ್, ಅದು ಕೆಟ್ಟರೆ ಕಂಪ್ಯೂಟರ್ ಕೆಟ್ಟಂತೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಆದರೆ ಕಾರಿನೊಳಗೆ ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಕ್ರೂಸ್ ಇತ್ತು. ಐದನೇ ವಯಸ್ಸಿಗೇ ಕಣ್ಣು ಕಳೆದುಕೊಂಡಿದ್ದ ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರ್ ಅದಕ್ಕೆ ಪೇಟೆಂಟ್ ಪಡೆದದ್ದು 1950ರಲ್ಲಿ. ಕ್ರೈಸ್ಲರ್‌ನ ಇಂಪೀರಿಯಲ್ ಕಾರಿನಲ್ಲಿ ಅದು ಬಂದದ್ದು 1958ರ ಮಾಡೆಲ್‌ಗೆ. ನಿಮ್ಮ ಕಾರಿನಲ್ಲಿ ಮಾಡ್ಯೂಲ್ ಇದೆ ನಿಜ. ಆದರೆ ಅದು ಪೆಡಲ್ ಸ್ವಿಚ್, ಸ್ಟೀರಿಂಗ್ ಬಟನ್, ಸ್ಪೀಡ್ ಸೆನ್ಸರ್ ಹೇಳಿದ ಮಾತನ್ನು ಕೇಳುವ ಒಂದು ಪೆಟ್ಟಿಗೆ. ಸುಳ್ಳು ಹೇಳುತ್ತಿರುವುದು ಇವುಗಳಲ್ಲೊಂದು ಆಗಿದ್ದರೆ ಮಾಡ್ಯೂಲ್ ಬದಲಿಸಿ ಏನು ಪ್ರಯೋಜನ? ಹೊಸ ಪೆಟ್ಟಿಗೆಯೂ ಅದೇ ಸುಳ್ಳನ್ನು ನಂಬುತ್ತದೆ.

ನಾನು ಈ ಕೆಲಸದಲ್ಲಿ ಕಂಡ ಹಾಗೆ, ತಾನಾಗಿಯೇ ಬಿಡುವ ಕ್ರೂಸ್‌ಗಳಲ್ಲಿ ಮೊದಲ ಆರೋಪಿ ಬ್ರೇಕ್ ಪೆಡಲ್ ಸ್ವಿಚ್. ಎರಡನೆಯದು ಕ್ಲಚ್ ಸ್ವಿಚ್. ಮಾಡ್ಯೂಲ್ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ.

ಇನ್ನು ಸ್ಕ್ಯಾನರಿಗೆ ಕೋಡ್ ಬರಲಿಲ್ಲ ಎಂದರೆ ಎಲ್ಲ ಸರಿ ಇದೆ ಎಂದೂ ಅಲ್ಲ, ಮಾಡ್ಯೂಲೇ ಹೋಗಿದೆ ಎಂದೂ ಅಲ್ಲ. ಕಾರು ತನ್ನ ದೋಷವನ್ನು ತಾನೇ ಕೋಡಾಗಿ ಹೇಳುವ ಓಬಿಡಿ-2 ಎಂಬ ವ್ಯವಸ್ಥೆ ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಕಡ್ಡಾಯವಾಯಿತು. ಅದರ ಮುಖ್ಯ ಚಿಂತೆ ಎಂಜಿನ್ನಿನ ಹೊಗೆ. ವ್ಯಾಕ್ಯೂಮ್ ಕ್ರೂಸಿನ ಪೆಟ್ಟಿಗೆ ಎಷ್ಟೋ ಸಲ ಆ ಸ್ಕ್ಯಾನರಿನ ಜೊತೆ ಮಾತೇ ಆಡುವುದಿಲ್ಲ. ಕೆಲವು ಹಳೆ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕ್ರೂಸ್ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಇದ್ದರೆ ಅದನ್ನು ಮೊದಲು ನೋಡಿಸಿ, ಸುಮ್ನೆ ತಡಕಾಡುವುದು ತಪ್ಪುತ್ತದೆ.

ಈಗ ನಿಮ್ಮ ಬೂಸ್ಟರ್. ಬೂಸ್ಟರ್ ಬದಲಿಸುವಾಗ ಮೆಕ್ಯಾನಿಕ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಪೆಡಲಿನ ಪಿನ್ ತೆಗೆಯಬೇಕು. ಸ್ವಿಚ್ ಅಡ್ಡ ಬಂದರೆ ಅದನ್ನೂ ಬಿಚ್ಚುತ್ತಾರೆ. ವಾಪಸ್ ಕೂರಿಸುವಾಗ ಸ್ವಿಚ್ ಒಂದೆರಡು ಮಿ.ಮೀ. ಹಿಂದೆ ಕೂತರೂ, ಕಾಲು ತೆಗೆದಾಗ ಮೇಲೆ ಬಂದ ಪೆಡಲ್ ಅದನ್ನು ಪೂರ್ತಿ ಒತ್ತುವುದಿಲ್ಲ. ಬ್ರೇಕ್ ಲೈಟ್ ಆರಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ರಸ್ತೆಯಲ್ಲಿ ಕಾರು ಕುಲುಕಿದಾಗ ಪೆಡಲ್ ಕೂದಲೆಳೆಯಷ್ಟು ಅಲುಗಾಡುತ್ತದೆ, ಸ್ವಿಚ್ ಒಂದು ಕ್ಷಣ ‘ಬ್ರೇಕ್ ತುಳಿದರು’ ಎನ್ನುತ್ತದೆ, ಕ್ರೂಸ್ ಬಿಟ್ಟುಬಿಡುತ್ತದೆ. ಕುಲುಕಾಟ ಇದ್ದಾಗ ಬೇಗ ಬಿಡುತ್ತದೆ ಎಂದಿರಿ ಅಲ್ವಾ?

ಇದರ ಜೊತೆ ಏರಿನ ಸಮಸ್ಯೆಯನ್ನೂ ಇಟ್ಟು ನೋಡಿ. ಆ ಗಾಳಿ ಬಿಡುವ ವಾಲ್ವ್ ಕೂಡ ಅದೇ ಪೆಡಲಿಗೆ ತಾಗಿಕೊಂಡಿರುತ್ತದೆ. ಪೆಡಲ್ ಪೂರ್ತಿ ಮೇಲೆ ಬಾರದಿದ್ದರೆ ವಾಲ್ವ್ ಸಣ್ಣಗೆ ಬಾಯಿ ತೆರೆದುಕೊಂಡೇ ಇರುತ್ತದೆ, ಸೆಳೆತ ಸೋರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಉಳಿದ ಸೆಳೆತ ಸಾಕಾಗುತ್ತದೆ. ಏರಿನಲ್ಲಿ ಥ್ರಾಟಲ್ ಜಾಸ್ತಿ ತೆರೆಯಬೇಕು, ಅದೇ ಹೊತ್ತಿಗೆ ಎಂಜಿನ್ನಿನ ಸೆಳೆತ ಕಡಿಮೆಯಾಗುತ್ತದೆ. ಬೇಕಾದಾಗಲೇ ಇಲ್ಲ ಎಂಬ ಪರಿಸ್ಥಿತಿ. ಹಾಗಾಗಿ ಎರಡು ತೊಂದರೆ ಎಂದು ನೀವು ಬರೆದದ್ದು ಒಂದೇ ಇರಬಹುದು, ಪೆಡಲ್ ತನ್ನ ಜಾಗಕ್ಕೆ ಪೂರ್ತಿ ಬರುತ್ತಿಲ್ಲ ಎಂಬುದು. ಇದು ನನ್ನ ಮೊದಲ ಊಹೆ. ಪರೀಕ್ಷಿಸದೇ ಒಪ್ಪಬೇಡಿ.

ಪರೀಕ್ಷೆಗೆ ದೊಡ್ಡ ಸಾಮಾನು ಬೇಡ. ರಾತ್ರಿ ಕಾರಿನ ಹಿಂಭಾಗ ಗೋಡೆಯ ಕಡೆ ಇರುವ ಹಾಗೆ ನಿಲ್ಲಿಸಿ. ಬ್ರೇಕ್ ಪೆಡಲನ್ನು ಒಂದು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಒತ್ತಿ, ಗೋಡೆಯ ಮೇಲೆ ಕೆಂಪು ಬೆಳಕು ಯಾವಾಗ ಬರುತ್ತದೆ ನೋಡಿ. ಮುಟ್ಟಿದ ಕೂಡಲೇ ಬಂದರೆ, ಅಥವಾ ಮುಟ್ಟದೆಯೇ ಮಂಕಾಗಿ ಮಿಣುಕಿದರೆ, ಸ್ವಿಚ್ ಜಾಗ ತಪ್ಪಿದೆ. ಆಮೇಲೆ ಪೆಡಲಿನ ಕೆಳಗೆ ಕಾಲಿನ ತುದಿ ಇಟ್ಟು ಮೇಲಕ್ಕೆ ಎತ್ತಿ. ಇನ್ನೂ ಮೇಲೆ ಬರುತ್ತದೆ ಅನಿಸಿದರೆ ನನ್ನ ಊಹೆಗೆ ಬಲ ಬಂತು. ಕಾರು ಓಡುವಾಗ ಈ ಕಾಲಿನ ಸರ್ಕಸ್ ಮಾಡಬೇಡಿ, ನಿಂತಿರುವಾಗ ಸಾಕು.

ಒಂದು ಎಚ್ಚರಿಕೆ. ಬಹಳ ಕಾರುಗಳ ಸ್ವಿಚ್ಚಿನೊಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ಬ್ರೇಕ್ ಲೈಟಿಗೆ, ಪೆಡಲ್ ತುಳಿದಾಗ ಸೇರುತ್ತದೆ. ಇನ್ನೊಂದು ಕ್ರೂಸಿಗೆ, ಪೆಡಲ್ ತುಳಿದಾಗ ಬಿಡುತ್ತದೆ. ಲೈಟ್ ಸರಿಯಾಗಿ ಉರಿಯುತ್ತಿದೆ, ಸ್ವಿಚ್ ಚೆನ್ನಾಗಿದೆ ಎಂದು ಮುಂದೆ ಹೋಗುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ನಾನೂ ಶುರುವಿನ ವರ್ಷಗಳಲ್ಲಿ ಮಾಡಿದ್ದೇನೆ. ಎರಡನೇ ಕಾಂಟ್ಯಾಕ್ಟನ್ನು ಮಲ್ಟಿಮೀಟರ್ ಇಟ್ಟು ಪ್ರತ್ಯೇಕವಾಗಿ ನೋಡಬೇಕು. ಪೆಡಲ್ ಬಿಟ್ಟಾಗ ಮೀಟರ್ ಸೊನ್ನೆ ಓಮ್ ಹತ್ತಿರ ಇರಬೇಕು. ಸ್ವಿಚ್ಚನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗಲೂ ಅದು ಕದಲಬಾರದು. ತಟ್ಟಿದಾಗ ಅಂಕಿ ಹಾರಿದರೆ ಸ್ವಿಚ್ ಬದಲಿಸಿ.

ಎಲ್‌ಇಡಿ ಬಲ್ಬಿನ ವಿಷಯ ಸ್ವಲ್ಪ ವಿಚಿತ್ರ. ಕೆಲವು ಹಳೆ ಕಾರುಗಳಲ್ಲಿ ಕ್ರೂಸ್ ಮಾಡ್ಯೂಲ್ ಬ್ರೇಕ್ ಲೈಟಿನ ವೈರನ್ನು ಕದ್ದು ನೋಡುತ್ತಿರುತ್ತದೆ. ಸಾಮಾನ್ಯ ಬಲ್ಬಿನ ತಂತಿಯ ಮೂಲಕ ಆ ವೈರ್ ಅರ್ಥ್‌ಗೆ ಸೇರಿರುವುದು ಅದಕ್ಕೆ ಕಾಣಬೇಕು. ಎಲ್‌ಇಡಿ ಹಾಕಿದರೆ ಆ ದಾರಿ ಮುಚ್ಚಿಹೋದಂತೆ ಕಾಣುತ್ತದೆ, ಬ್ರೇಕ್ ಲೈಟ್ ಸರ್ಕ್ಯೂಟೇ ಹರಿದಿದೆ ಎಂದುಕೊಂಡು ಕ್ರೂಸ್ ಏಳುವುದೇ ಇಲ್ಲ. ನಿಮ್ಮದು ಹತ್ತು ನಿಮಿಷ ಓಡುತ್ತದೆ, ಹಾಗಾಗಿ ಇದು ಮುಖ್ಯ ಕಾರಣ ಅಲ್ಲ ಅನಿಸುತ್ತದೆ. ಆದರೂ ಒಂದು ಬದಿಗೆ ಹಳೇ ಬಲ್ಬ್ ವಾಪಸ್ ಹಾಕಿ ಒಂದು ಸುತ್ತು ಹೋಗಿಬನ್ನಿ. ಐದು ನಿಮಿಷದ ಕೆಲಸ.

ರೆಸ್ಯೂಮ್ ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಇಲ್ಲ ಎಂದಿದ್ದೀರಿ. ಇದು ಬಹಳ ಉಪಯೋಗದ ಮಾತು, ಆದರೆ ಇನ್ನೂ ಸ್ವಲ್ಪ ಬಿಡಿಸಿ ಗಮನಿಸಬೇಕು. ಬ್ರೇಕ್ ಅಥವಾ ಕ್ಲಚ್ ಸ್ವಿಚ್ ಸುಳ್ಳು ಹೇಳಿದ್ದರಿಂದ ಬಿಟ್ಟರೆ, ನೆನಪಿನಲ್ಲಿದ್ದ ವೇಗ ಹಾಗೇ ಇರುತ್ತದೆ. ರೆಸ್ಯೂಮ್ ಒತ್ತಿದರೆ ಕಾರು ಮತ್ತೆ 80ಕ್ಕೆ ಏರುತ್ತದೆ. ಮಾಡ್ಯೂಲಿಗೆ ಬರುವ ಕರೆಂಟೇ ಒಂದು ಕ್ಷಣ ಕಡಿದುಹೋದರೆ ಸಾಮಾನ್ಯವಾಗಿ ನೆನಪು ಅಳಿಸಿಹೋಗುತ್ತದೆ. ಆಗ ರೆಸ್ಯೂಮ್ ಸತ್ತಿರುತ್ತದೆ, ಹೊಸದಾಗಿ ಸೆಟ್ ಮಾಡಿದರೆ ಹಿಡಿಯುತ್ತದೆ. ಫ್ಯೂಸಿನ ಕಾಲು ಸಡಿಲ, ಮುಖ್ಯ ಸ್ವಿಚ್ ಸವೆದಿರುವುದು, ಅರ್ಥ್ ಬೋಲ್ಟಿಗೆ ತುಕ್ಕು, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ರೆಸ್ಯೂಮೂ ಇಲ್ಲ, ಸೆಟ್ಟೂ ಇಲ್ಲ, ಮುಖ್ಯ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಮೇಲೆಯೇ ಬರುತ್ತದೆ ಅಂದರೆ ಮಾಡ್ಯೂಲ್ ಏನನ್ನೋ ದೋಷ ಎಂದು ಹಿಡಿದುಕೊಂಡಿದೆ. ಏರಿನಲ್ಲಿ ಬಿಟ್ಟದ್ದಾದರೆ ಇನ್ನೂ ಒಂದು ಲೆಕ್ಕ ಇದೆ. ಸೆಟ್ ಮಾಡಿದ ವೇಗಕ್ಕಿಂತ ತೀರಾ ಕೆಳಗೆ ಇಳಿದರೆ ಕ್ರೂಸ್ ಬಿಟ್ಟುಬಿಡುವಂತೆಯೇ ಮಾಡಿರುತ್ತಾರೆ, ಮತ್ತು ಬಹಳ ಕಾರುಗಳಲ್ಲಿ ಸುಮಾರು 40 ಕಿ.ಮೀ. ವೇಗದ ಕೆಳಗೆ ಅದು ಹಿಡಿಯುವುದೇ ಇಲ್ಲ. ಅದು ದೋಷವಲ್ಲ.

ಹಾಗಾಗಿ ಮುಂದಿನ ಐದಾರು ಸಲ ಬಿಟ್ಟಾಗ, ಪಕ್ಕದಲ್ಲಿ ಕೂತವರಿಗೆ ಬರೆದುಕೊಳ್ಳಲು ಹೇಳಿ: ರಸ್ತೆ ಹೇಗಿತ್ತು, ಸ್ಟೀರಿಂಗ್ ತಿರುಗಿತ್ತಾ, ಕ್ರೂಸಿನ ಹಸಿರು ದೀಪ ಉಳಿಯಿತಾ ಆರಿತಾ, ರೆಸ್ಯೂಮ್ ಹಿಡಿಯಿತಾ, ಸ್ಪೀಡೋಮೀಟರ್ ಮುಳ್ಳು ನಡುಗಿತಾ. ಮುಳ್ಳು ನಡುಗಿದ್ದರೆ ಸ್ಪೀಡ್ ಸೆನ್ಸರ್ ಅಥವಾ ಅದರ ಕನೆಕ್ಟರ್ ನೋಡಬೇಕು. ತಿರುವಿನಲ್ಲಿ ಮಾತ್ರ ಬಿಟ್ಟರೆ, ಹಾರ್ನ್ ಕೂಡ ಆಗಾಗ ಮೂಕಾದರೆ, ಸ್ಟೀರಿಂಗ್ ಚಕ್ರದ ಹಿಂದಿರುವ ಸುರುಳಿ ಕೇಬಲ್ ಸವೆದಿದೆ. ಅದನ್ನು ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ. ಅದೇ ಜಾಗದಲ್ಲಿ ಏರ್‌ಬ್ಯಾಗ್ ಕೂತಿದೆ. ಬ್ಯಾಟರಿ ಕಳಚಿ, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು, ಗೊತ್ತಿರುವವರೇ ಮಾಡಬೇಕಾದ ಕೆಲಸ. ಏರ್‌ಬ್ಯಾಗಿನ ವೈರಿಗೆ ಮಲ್ಟಿಮೀಟರ್ ತಾಗಿಸುವುದಂತೂ ಬೇಡವೇ ಬೇಡ.

ಕ್ಲಚ್ ಬಗ್ಗೆ ಒಂದು ಕಥೆ. ಒಬ್ಬರ ಕಾರಿನಲ್ಲಿ ಕ್ರೂಸ್ ಅವರು ಓಡಿಸಿದಾಗ ಮಾತ್ರ ಬಿಡುತ್ತಿತ್ತು. ನಾನು ಓಡಿಸಿದರೆ ಏನೂ ಇಲ್ಲ. ಮೂರು ಸಲ ಕಾರು ಬಂತು, ಮೂರು ಸಲ ವಾಪಸ್ ಹೋಯಿತು. ನಾಲ್ಕನೇ ಸಲ ಪಕ್ಕದಲ್ಲಿ ಕೂತು ಅವರ ಕಾಲನ್ನೇ ನೋಡಿದೆ. ಕ್ರೂಸ್ ಹಾಕಿದ ಮೇಲೆ ಆರಾಮಾಗಿ ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅಷ್ಟು ಭಾರಕ್ಕೇ ಸ್ವಿಚ್ ಬಿಡುತ್ತಿತ್ತು. ಅವರಿಗೂ ನಗು, ನನಗೂ ನಗು. ನಿಮ್ಮ ಎಡಗಾಲು ಎಲ್ಲಿರುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ. ಪೆಡಲಿನ ಹಿಂದೆ ಮ್ಯಾಟ್ ಮಡಚಿಕೊಂಡಿದೆಯಾ ಎಂದೂ.

ಪೆಡಲ್ ಸರಿಯಿದ್ದೂ ಏರಿನಲ್ಲಿ ಕುಸಿದರೆ ಆಗ ವ್ಯಾಕ್ಯೂಮ್ ಕಡೆ ಹೋಗಬೇಕು. ಬೂಸ್ಟರಿನ ದಪ್ಪ ಪೈಪ್ ಬಿಚ್ಚಿ ಹಾಕಿದವರು ಪಕ್ಕದ ಸಣ್ಣ ಪೈಪನ್ನು ಜಗ್ಗಿರಬಹುದು. 22 ವರ್ಷದ ರಬ್ಬರ್ ಜಗ್ಗಿದರೆ ಸೀಳುತ್ತದೆ, ಅದರಲ್ಲೂ ‘T’ ಆಕಾರದ ಜೋಡಣೆಯ ಕುತ್ತಿಗೆಯಲ್ಲಿ. ಪೈಪನ್ನು ಬಗ್ಗಿಸಿ ನೋಡಿ, ನೇರವಾಗಿದ್ದಾಗ ಬಿರುಕು ಕಾಣುವುದಿಲ್ಲ. ಡಯಾಫ್ರಂ ಪರೀಕ್ಷೆಗೆ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ಸಾಕು. ಸೆಳೆದು ಬಿಟ್ಟರೆ ಪಂಪಿನ ಮೀಟರಿನ ಮುಳ್ಳು ನಿಂತಲ್ಲೇ ನಿಲ್ಲಬೇಕು. ಒಂದು ಮಾತು ನೆನಪಿರಲಿ: ಕೆಲವು ಡಬ್ಬಿಗಳ ಒಳಗೇ ಗಾಳಿ ಬಿಡುವ ವಾಲ್ವ್ ಇರುತ್ತದೆ, ಕರೆಂಟ್ ಇಲ್ಲದಾಗ ಅದು ತೆರೆದೇ ಇರುತ್ತದೆ. ಅಂಥದ್ದರಲ್ಲಿ ಸೆಳೆತ ಉಳಿಯಲಿಲ್ಲ ಎಂದು ಡಬ್ಬಿಯನ್ನು ಎಸೆಯಬೇಡಿ. ಸೆಳೆತ ಕೂಡಿಡುವ ಚಿಕ್ಕ ಟ್ಯಾಂಕ್ ಇದ್ದರೆ ಅದರ ಒಂದು ಕಡೆಯ ವಾಲ್ವನ್ನೂ ಬಾಯಿಂದ ಊದಿ ನೋಡಬಹುದು. ಒಂದು ಕಡೆ ಮಾತ್ರ ಗಾಳಿ ಹೋಗಬೇಕು. ಎರಡೂ ಕಡೆ ಹೋದರೆ ಏರಿನಲ್ಲಿ ಕೂಡಿಟ್ಟದ್ದೆಲ್ಲ ಎಂಜಿನ್ನಿಗೆ ವಾಪಸ್ ಸೋರುತ್ತದೆ.

ಇಷ್ಟಾದರೂ ಸಿಗದಿದ್ದರೆ ಮಾಡ್ಯೂಲ್. ನಿಮ್ಮ ಗ್ಯಾರೇಜಿನವರು ಹೇಳಿದ್ದು ಅಸಾಧ್ಯವೇನಲ್ಲ. ಹಳೇ ಪೆಟ್ಟಿಗೆಗಳಲ್ಲಿ ಬೆಸುಗೆ ಬಿರುಕು ಬಿಡುತ್ತದೆ, ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಬಿಡುತ್ತದೆ. ನಿಮ್ಮ ‘ಹತ್ತು ನಿಮಿಷ’ ಅದಕ್ಕೂ ಹೊಂದುತ್ತದೆ. ಆದರೆ ಬದಲಿಸುವ ಮೊದಲು ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರಿಂದ ಬೆಸುಗೆಗಳನ್ನು ಮತ್ತೆ ಹಾಕಿಸಿ ನೋಡಿ. ಹಳೇ ಕಾರಿನಿಂದ ಬಿಚ್ಚಿದ ಪೆಟ್ಟಿಗೆ ತಂದರೆ ಪಾರ್ಟ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಗೇರ್ ಬೇರೆ, ಎಂಜಿನ್ ಬೇರೆ ಇದ್ದರೆ ಅದು ಕೂರುತ್ತದೆ, ದೀಪವೂ ಬರುತ್ತದೆ, ಆದರೆ ಕಾರು ಒಮ್ಮೆ ನುಗ್ಗಿ ಒಮ್ಮೆ ತಗ್ಗಿ ಹೋಗುತ್ತದೆ. ಹೊರಗಿನಿಂದ ತಂದು ಹಾಕುವ ಕ್ರೂಸ್ ಕಿಟ್ ನನಗೆ ಅಷ್ಟಾಗಿ ಇಷ್ಟವಿಲ್ಲ. ಕಿಟ್ ಕೆಟ್ಟದ್ದು ಅಂತಲ್ಲ. ಹಾಕುವವರು ಬ್ರೇಕ್ ವೈರನ್ನು ಎಲ್ಲಿ ಜೋಡಿಸಿದರು ಎಂಬುದು ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ದಾರಿಯನ್ನು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ: ಸ್ವಿಚ್ ತೊಂದರೆ ಕೊಡುತ್ತಿದೆ, ‘ಡೈರೆಕ್ಟ್ ಮಾಡಿಬಿಡೋಣ’. ಎರಡು ವೈರ್ ಸೇರಿಸಿದರೆ ಕ್ರೂಸ್ ಬಿಡುವುದು ನಿಲ್ಲುತ್ತದೆ. ನೀವು ಬ್ರೇಕ್ ತುಳಿದಾಗಲೂ ಆ ಸ್ವಿಚ್ ಅದನ್ನು ಬಿಡಿಸುವುದಿಲ್ಲ. ನೀವು ಹೆದರಿದ ಆ ದಿನವನ್ನು ಕೈಯಾರೆ ತಯಾರು ಮಾಡಿಕೊಂಡಂತೆ. ಒಪ್ಪಬೇಡಿ.

ಕ್ರೂಸೇ ಬೇಡ ಎಂದು ತೀರ್ಮಾನಿಸಿದರೂ ತಪ್ಪಿಲ್ಲ. ಆದರೆ ತೆಗೆಯುವುದಕ್ಕೂ ಒಂದು ರೀತಿ ಇದೆ. ಕೇಬಲನ್ನು ಥ್ರಾಟಲಿನಿಂದ ಬಿಡಿಸಿ, ತೂಗಾಡದ ಹಾಗೆ ಕಟ್ಟಬೇಕು. ವ್ಯಾಕ್ಯೂಮ್ ಪೈಪ್ ತೆಗೆದ ಜಾಗಕ್ಕೆ ಬಿಗಿಯಾಗಿ ಬಿರಡೆ ಹಾಕಬೇಕು, ಇಲ್ಲದಿದ್ದರೆ ಎಂಜಿನ್ ಐಡ್ಲಿಂಗಿನಲ್ಲಿ ಕುಂಟುತ್ತದೆ. ಫ್ಯೂಸ್ ಕೀಳುವ ಮೊದಲು ಅದೇ ಫ್ಯೂಸಿಗೆ ಬ್ರೇಕ್ ಲೈಟ್ ಕೂಡ ಸೇರಿದೆಯಾ ನೋಡಬೇಕು.

ಬಾನೆಟ್ ತೆಗೆದಾಗ ಇನ್ನೊಂದು ಜಾಗ ನೋಡಿ. ಬ್ರೇಕ್ ಮಾಸ್ಟರ್ ಸಿಲಿಂಡರಿಗೆ ಅಥವಾ ಅದರ ಪೈಪಿಗೆ ವೈರ್ ಇರುವ ಚಿಕ್ಕ ಸ್ವಿಚ್ ತಿರುಗಿಸಿ ಕೂರಿಸಿದ್ದರೆ, ಅದು ಬ್ರೇಕ್ ಆಯಿಲಿನ ಒತ್ತಡ ನೋಡಿ ಕ್ರೂಸ್ ಬಿಡಿಸುವ ಸ್ವಿಚ್ ಆಗಿರಬಹುದು. ಫೋರ್ಡ್ ಕಂಪನಿ 1999ರಿಂದ 2009ರ ನಡುವೆ ಹಲವು ಸಲ, ಒಟ್ಟು 1.4 ಕೋಟಿಯಷ್ಟು ವಾಹನಗಳನ್ನು ಇಂಥ ಸ್ವಿಚ್ಚಿನ ಕಾರಣಕ್ಕೆ ವಾಪಸ್ ಕರೆಯಿತು. ಒಳಗಿನ ತೆಳು ಪೊರೆ ಹರಿದು ಬ್ರೇಕ್ ಆಯಿಲ್ ಕರೆಂಟಿನ ಭಾಗಕ್ಕೆ ಸೋರುತ್ತಿತ್ತು. ಕೀ ಆಫ್ ಇದ್ದಾಗಲೂ ಆ ಸ್ವಿಚ್ಚಿಗೆ ಕರೆಂಟ್ ಇರುತ್ತಿದ್ದರಿಂದ ನಿಲ್ಲಿಸಿದ ಗಾಡಿಗಳಿಗೂ ಬೆಂಕಿ ಹತ್ತಿತ್ತು. ನಿಮ್ಮದು ಬೇರೆ ಕಂಪನಿಯ ಕಾರಾದರೂ, ಆ ಕನೆಕ್ಟರ್ ಬಿಚ್ಚಿದಾಗ ಒಳಗೆ ಜಿಡ್ಡು, ತೇವ, ಸುಟ್ಟ ಗುರುತು ಕಂಡರೆ ಕನೆಕ್ಟರನ್ನು ಹಾಗೇ ಬಿಚ್ಚಿಟ್ಟು ಸ್ವಿಚ್ ಬದಲಿಸಿ. ಕ್ರೂಸ್ ಕೆಲಸ ಮಾಡುವುದಿಲ್ಲ, ಅಷ್ಟೇ ತಾನೇ.

ಕೊನೆಯ ಪ್ರಶ್ನೆ, ಅಲ್ಲಿಯವರೆಗೆ ಓಡಿಸಬಹುದಾ. ಥ್ರಾಟಲ್ ‘ಟಕ್’ ಅಂತ ಮುಚ್ಚಿದರೆ, ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರಿದರೆ, ಕ್ರೂಸಿನ ಮುಖ್ಯ ಸ್ವಿಚ್ ಆಫ್ ಮಾಡಿಟ್ಟು ಧಾರಾಳವಾಗಿ ಓಡಿಸಿ. ಆದರೆ ಪೆಡಲ್ ಬಿಟ್ಟಾಗ ಲೈಟ್ ಆರುತ್ತಿಲ್ಲ, ಅಥವಾ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ ಎಂದು ಕಂಡರೆ ಅದು ಕ್ರೂಸಿನ ಸಮಸ್ಯೆಯಾಗಿ ಉಳಿಯಲಿಲ್ಲ, ಬ್ರೇಕಿನದ್ದಾಯಿತು. ಬೂಸ್ಟರ್ ಹಾಕಿದವರ ಹತ್ತಿರವೇ ಮೊದಲು ಹೋಗಿ, ಪೆಡಲಿನಿಂದ ಬೂಸ್ಟರಿಗೆ ಹೋಗುವ ಕಡ್ಡಿಯ ಉದ್ದ ಮತ್ತು ಸ್ವಿಚ್ಚಿನ ಜಾಗ ಎರಡನ್ನೂ ನಿಮ್ಮೆದುರೇ ಸರಿಮಾಡಿಸಿ. ಕ್ರೂಸ್ ವಿಷಯ ಎತ್ತುವುದು ಅದಾದ ಮೇಲೆ.